ಮೂರು ಫ್ರೇಮ್‌ವರ್ಕ್‌ಗಳೂ ಒಂದು ಜೋಳದ ಮೆಷೀನೂ

ನನಗೊಂದು ಚಾಳಿಯಿದೆ. ಕೆಲಸ ಮಾಡುವುದಕ್ಕಿಂತ, ಆ ಕೆಲಸವನ್ನು ಯಾವುದರಿಂದ ಮಾಡಿದರೆ ಬೇಗ ಮುಗಿಯುತ್ತದೆ ಎಂದು ಹುಡುಕುವುದರಲ್ಲೇ ನನಗೆ ಹೆಚ್ಚು ಸುಖ. ಕಾಯಿ ತುರಿಯಲು ಕೂತರೆ, ಮನೆಯಲ್ಲಿರುವ ಎರಡು ತುರಿಮಣೆಗಳಲ್ಲಿ ಯಾವುದು ಹರಿತ ಎಂದು ತಿಳಿಯಲು ಎರಡರಲ್ಲೂ ಅರ್ಧರ್ಧ ಹೋಳು ತುರಿದು ನೋಡುತ್ತೇನೆ. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಬತ್ತಿರುತ್ತದೆ. ನಮ್ಮತ್ತೆ ಇದನ್ನು ಮೈಗಳ್ಳತನ ಎನ್ನುತ್ತಾರೆ, ನಾನು ಕುತೂಹಲ ಎನ್ನುತ್ತೇನೆ. ಸಾರಿನ ಮಟ್ಟಿಗೆ ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದೆವು. ಆದರೆ ಹೋದ ಸುಗ್ಗಿಯಲ್ಲಿ ನನ್ನ ಈ ಕುತೂಹಲದಿಂದ ನಮ್ಮೂರು ಪಣಕಹಳ್ಳಿಯ ಎರಡು ಮನೆಗಳ ಜೋಳ ಇನ್ನೇನು ಮಳೆಗೆ ಸಿಕ್ಕೇಬಿಡುತ್ತಿತ್ತು. ಅದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಕೊಯಮತ್ತೂರಿನ ಒಂದು ಸಣ್ಣ ಕಂಪನಿಗೆ ಮನೆಯಲ್ಲೇ ಕೂತು ವೆಬ್ ಅಪ್ಲಿಕೇಶನ್ ಬರೆದುಕೊಡುವವಳು. ಊರಿನವರ ಲೆಕ್ಕದಲ್ಲಿ ನನ್ನದು 'ಕಂಪೂಟ್ರು ನೋಡೋ ಕೆಲ್ಸ'. ನಮ್ಮೂರ ಹೆಂಗಸರ ಸಂಘಕ್ಕೆ ತೆನೆಯಿಂದ ಕಾಳು ಬಿಡಿಸುವ ಒಂದು ಮೆಷೀನಿದೆ. ಟ್ರ್ಯಾಕ್ಟರಿಗೆ ಜೋಡಿಸಿ ಮನೆಯಿಂದ ಮನೆಗೆ ಎಳೆದುಕೊಂಡು ಹೋಗುತ್ತಾರೆ. ಯಾರ ಸರದಿ ಯಾವಾಗ ಎಂಬುದೆಲ್ಲ ಸಂಘದ ಅಧ್ಯಕ್ಷೆ ಮಾದೇವಕ್ಕನ ತಲೆಯಲ್ಲಿರುತ್ತಿತ್ತು. ಆ ತಲೆಗೂ ವಯಸ್ಸಾಯಿತೆಂದು ಅವರೇ ಒಂದು ದಿನ ನಮ್ಮ ಜಗಲಿಯ ಮೇಲೆ ಬಂದು ಕೂತರು.

"ದಿನಾ ಅದೇನೋ ಕುಟ್ತಾ ಕೂತಿರ್ತಿಯಲ್ಲವ್ವ, ಸರದಿ ಎಲ್ಲಾರ್ಗೂ ಪೋನಲ್ಲೇ ಕಾಣಂಗ ಒಂದು ಮಾಡ್ಕೊಡು. ಬೆಳಗಾದ್ರ ನನ್ ಮನ ಬಾಗ್ಲಲ್ಲಿ ನಿಂತ್ಕತಾರ. ಎಷ್ಟ್ ದಿನ ಆದದು?"

"ನಾಲ್ಕು ದಿನ ಸಾಕು ಮಾದೇವಕ್ಕ," ಎಂದೆ. ಜೋಳ ಒಣಗಲು ಇನ್ನೂ ಮೂರು ವಾರವಿತ್ತು.

ನಾಲ್ಕು ದಿನ ಎಂದದ್ದು ಸುಳ್ಳಲ್ಲ. ವೆಬ್ ಅಪ್ಲಿಕೇಶನ್ನಿನಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ. ಒಳಗೆ ಬರುವವರ ಗುರುತು ಹಿಡಿಯುವುದು, ಪಟ್ಟಿ ಮಾಡುವುದು, ಪಟ್ಟಿ ತಿದ್ದುವುದು ಇಂಥವನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿರುತ್ತಾರೆ. ಅಂಥ ಸಿದ್ಧ ಚೌಕಟ್ಟಿಗೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಕಂಪನಿಯಲ್ಲಿ ನಾವು ಬಳಸುವುದು ಒಂದು ಹಳೆಯ ಫ್ರೇಮ್‌ವರ್ಕ್. ಅದರ ಮೂಲೆಮೂಲೆಯೂ ನನಗೆ ಗೊತ್ತು. ಗೊತ್ತಿದ್ದುದೇ ತೊಂದರೆಯಾಯಿತು. ಗೊತ್ತಿರುವುದರಲ್ಲಿ ನೋಡುವುದೇನಿದೆ? ಎರಡನೆಯದೊಂದು ಅತಿ ಚಿಕ್ಕದಂತೆ, ಬೇಕಾದ್ದನ್ನು ಮಾತ್ರ ಸೇರಿಸಿಕೊಂಡು ಹೋಗಬಹುದಂತೆ. ಮೂರನೆಯದು ಈಚೆಗೆ ಬಂದದ್ದು. ಪುಟ ಕಣ್ಣು ಮುಚ್ಚಿ ತೆರೆಯುವುದರೊಳಗೆ ತೆರೆಯುತ್ತದೆಂದು ಅದನ್ನು ಮಾಡಿದವರು ಬರೆದುಕೊಂಡಿದ್ದರು. ಅವರ ಕೈಪಿಡಿಯೋ, ಎಷ್ಟು ಚೆನ್ನಾಗಿತ್ತೆಂದರೆ ನನಗೆ ಬೇಡದ ಅಧ್ಯಾಯಗಳನ್ನೂ ಓದಿದೆ.

ಓದಿ ತೀರ್ಮಾನಿಸುವುದು ತರವಲ್ಲವೆಂದು ಒಂದೇ ಸರದಿ ಪಟ್ಟಿಯನ್ನು ಮೂರರಲ್ಲೂ ಮಾಡಿ ನೋಡತೊಡಗಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಮೂರನೆಯ ಫ್ರೇಮ್‌ವರ್ಕ್ ತನಗೆ ಬೇಕಾದ ಸಾಮಾನನ್ನೆಲ್ಲ ಇಳಿಸಿಕೊಳ್ಳುವಷ್ಟರಲ್ಲಿ ನಾನು ಕೆಳಗಿಳಿದು ಒಂದು ಮುದ್ದೆ ಉಂಡು ಮತ್ತೆ ಹತ್ತಿ ಬಂದಿದ್ದೆ. ಆಮೇಲೆ ಅದು ನಿಜಕ್ಕೂ ಚುರುಕಾಗಿತ್ತು. ಎರಡನೆಯದರಲ್ಲಿ ಬೇಕಾದ್ದನ್ನು ಮಾತ್ರ ಸೇರಿಸುತ್ತ ಹೋದೆ. ಎಲ್ಲವೂ ಬೇಕಾಗಿತ್ತೆಂದು ಐದನೆಯ ದಿನ ತಿಳಿಯಿತು. ಹೀಗೆ ಹದಿನೆಂಟು ದಿನ ಕಳೆದವು. ನನಗೆ ಒಂದು ಕ್ಷಣವೂ ಬೇಜಾರಾಗಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಪಟ್ಟಿ ಎಂದ ಮೇಲೆ ಪರೀಕ್ಷೆಗೆ ಹೆಸರುಗಳು ಬೇಕಲ್ಲ. ಮೊದಲ ಫ್ರೇಮ್‌ವರ್ಕ್‌ನಲ್ಲಿ ಎದುರುಮನೆಯ ಗೌರಮ್ಮನ ಹೆಸರನ್ನು ಮೇಲೆ ಹಾಕಿದ್ದೆ, ಎರಡನೆಯದರಲ್ಲಿ ಕೆಳಗಿನ ಬೀದಿಯ ಪುಟ್ಟಮ್ಮನದನ್ನು. ಮೂರನೆಯದರಲ್ಲಿ ತಮಾಷೆಗೆಂದು ನಮ್ಮತ್ತೆಯ ಹೆಸರನ್ನೇ ಹಾಕಿದ್ದೆ. ನಾವು ಬೆಳೆಯುವುದು ರಾಗಿ. ಜೋಳದ ಮೆಷೀನು ನಮ್ಮ ಅಂಗಳಕ್ಕೆ ಬಂದದ್ದೇ ಇಲ್ಲ. ಒಂದು ದಿನ ಅತ್ತೆ ಬಟ್ಟೆ ಒಣಹಾಕಲು ತಾರಸಿಗೆ ಬಂದವರು ನನ್ನ ಹಿಂದೆ ನಿಂತು ಪರದೆಯನ್ನು ಅಕ್ಷರ ಕೂಡಿಸಿ ಓದಿದರು. "ಗೌರಮ್ಮುಂದೇ ಮೊದ್ಲಾ?" ಎಂದರು. ನಾನು ಯಾವುದೋ ತಪ್ಪು ಹುಡುಕುವುದರಲ್ಲಿ ಮುಳುಗಿದ್ದವಳು "ಹೂಂ ಅತ್ತೆ" ಎಂದುಬಿಟ್ಟೆ.

ಅದಾದ ಮೂರನೆಯ ದಿನ ಬೆಳಿಗ್ಗೆ ಮಾದೇವಕ್ಕನ ಮನೆಯಿಂದ ಕರೆ ಬಂತು. ಹೋದರೆ ಅಂಗಳದಲ್ಲಿ ಮೆಷೀನು ನಿಂತಿದೆ. ಅದರ ಒಂದು ಪಕ್ಕಕ್ಕೆ ಗೌರಮ್ಮ, ಇನ್ನೊಂದು ಪಕ್ಕಕ್ಕೆ ಪುಟ್ಟಮ್ಮ. ಇಬ್ಬರ ಕೈಯೂ ಮೆಷೀನಿನ ಮೇಲೆ. ಜೀರಹಳ್ಳಿ ಕಡೆಯ ಕಾಡಿನ ಮೇಲೆ ಮೋಡ ಕಪ್ಪಿಟ್ಟುಕೊಂಡಿತ್ತು.

"ಕಂಪೂಟ್ರಲ್ಲೇ ನನ್ ಎಸ್ರು ಮೊದ್ಲು ಅದ ಅಂತ ನಿಮ್ಮತ್ತೆ ಏಳುದ್ರು," ಎಂದರು ಗೌರಮ್ಮ. "ಅದ್ನ ನಂಬ್ಕಂಡು ತೆನೆ ಎಲ್ಲಾನೂವ ಅಂಗಳಕ್ಕ ಸುರ್ದಿವ್ನಿ."

"ನಾನು ಓದ ತಿಂಗ್ಳೇ ಮಾದೇವಕ್ಕುನ್ಗ ಏಳಿ ಬುಟ್ಟಿವ್ನಿ," ಎಂದರು ಪುಟ್ಟಮ್ಮ. "ನಂದೂ ಅಂಗಳದಲ್ಲೇ ಅದ. ಮಳ ಬಂದ್ರ ಬೂಸ್ಲು ಇಡಿತದ."

ಮಾದೇವಕ್ಕ ನನ್ನ ಕಡೆ ತಿರುಗಿದರು. "ಏಳವ್ವ, ಪಟ್ಟಿಲಿ ಯಾರ್ದು ಮೊದ್ಲು?"

ನಾನು ನಿಜ ಹೇಳಬೇಕಾಯಿತು. ಪಟ್ಟಿ ಒಂದಲ್ಲ, ಮೂರಿವೆ ಎಂದೆ. ಒಂದರಲ್ಲಿ ಗೌರಮ್ಮ, ಒಂದರಲ್ಲಿ ಪುಟ್ಟಮ್ಮ, ಒಂದರಲ್ಲಿ ನಮ್ಮತ್ತೆ ಎಂದೆ. ಮಾದೇವಕ್ಕ ಕೇಳಿದರು: "ಮೂರ್ರಲ್ಲಿ ನಿಜ್ವಾದ್ದು ಯಾವ್ದು?"

"ಯಾವುದೂ ಅಲ್ಲ ಮಾದೇವಕ್ಕ. ಯಾವುದರಲ್ಲಿ ಮಾಡಿದರೆ ಬೇಗ ಆಗುತ್ತೆ ಅಂತ ನೋಡ್ತಾ ಇದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತೀರ್ಪು ಕೊಟ್ಟರು, ಅಷ್ಟೆ: ಮಧ್ಯಾಹ್ನದವರೆಗೆ ಪುಟ್ಟಮ್ಮನ ಮನೆ, ಆಮೇಲೆ ಗೌರಮ್ಮನ ಮನೆ, ಎರಡು ಮನೆಯವರೂ ಎರಡು ಕಡೆಯೂ ಕೈ ಹಾಕಬೇಕು. "ನೀನೂ ಬಾ. ಚೀಲ ಇಡ್ಕಳಕ್ಕ ಒಂದಾಳು ಬೇಕು."

ಚೀಲ ಹಿಡಿದು ನಿಂತ ಆ ಒಂದು ದಿನದಲ್ಲಿ ಹದಿನೆಂಟು ದಿನ ತಿಳಿಯದ್ದು ತಿಳಿಯಿತು. ಸರದಿ ಎಂಬುದು ಕೇಳಿದವರ ಕ್ರಮದಲ್ಲಿ ಹೋಗುವುದೇ ಇಲ್ಲ. ಯಾರ ತೆನೆ ಒಣಗಿದೆ, ಯಾರ ಮನೆಯಲ್ಲಿ ಟಾರ್ಪಾಲು ಇಲ್ಲ, ಟ್ರ್ಯಾಕ್ಟರು ಆವತ್ತು ಯಾವ ಬೀದಿಯಲ್ಲಿದೆ, ಇದನ್ನೆಲ್ಲ ಮಾದೇವಕ್ಕ ಮನಸ್ಸಿನಲ್ಲೇ ಕೂಡಿಸಿ ಹೇಳುತ್ತಿದ್ದರು. ನಮ್ಮದು ತಮಿಳುನಾಡಿಗೆ ಸೇರಿದ ಕನ್ನಡದ ಊರು. ದೊಡ್ಡವರು ಕನ್ನಡ ಓದುತ್ತಾರೆ, ತಮಿಳು ಶಾಲೆಗೆ ಹೋದ ಟ್ರ್ಯಾಕ್ಟರ್ ಡ್ರೈವರು ತಮಿಳು ಮಾತ್ರ ಓದುತ್ತಾನೆ. ಹಾಗಾಗಿ ಹೆಸರುಗಳು ಎರಡು ಲಿಪಿಯಲ್ಲೂ ಬೇಕು. ಇದ್ಯಾವುದೂ ಯಾವ ಫ್ರೇಮ್‌ವರ್ಕ್‌ನ ಕೈಪಿಡಿಯಲ್ಲೂ ಇರಲಿಲ್ಲ. ಇರುವುದೂ ಸಾಧ್ಯವಿರಲಿಲ್ಲ, ಮಾದೇವಕ್ಕನನ್ನು ಕೇಳಬೇಕಿತ್ತು. ಅವರ ಮನೆ ನಮ್ಮ ಮನೆಯಿಂದ ಏಳನೆಯದು.

ಕೊನೆಯ ಚೀಲದ ಬಾಯಿ ಕಟ್ಟಿ, ಜಗಲಿಗೆ ಎಳೆದ ಮೇಲೆ ಮಳೆ ಬಿತ್ತು. ಗೌರಮ್ಮ, ಪುಟ್ಟಮ್ಮ ಇಬ್ಬರೂ ಒಂದೇ ಚೊಂಬಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದರು. ನನ್ನ ತಲೆಯ ತುಂಬ ಜೋಳದ ಹೊಟ್ಟು. ಮಾರನೆಯ ಬೆಳಿಗ್ಗೆ ಗೊತ್ತಿದ್ದ ಹಳೆಯ ಫ್ರೇಮ್‌ವರ್ಕ್‌ನಲ್ಲೇ ಕೂತೆ. ಎರಡೇ ದಿನಕ್ಕೆ ಕೆಲಸ ಮುಗಿಯಿತು. ಮಾದೇವಕ್ಕ ತಮ್ಮ ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸುವುದನ್ನು ಒಂದೇ ಸಲಕ್ಕೆ ಕಲಿತರು. ಉಳಿದ ಸುಗ್ಗಿಯಲ್ಲಿ ಯಾರೂ ಮೆಷೀನಿನ ಮೇಲೆ ಕೈಯಿಟ್ಟು ನಿಲ್ಲಲಿಲ್ಲ.

ಆದರೂ ಮನಸ್ಸಿನೊಳಗೆ ಒಂದು ಕೊರಗು ಉಳಿದಿತ್ತು. ಇಷ್ಟೆಲ್ಲ ಹೋಲಿಸಿ ನೋಡಿದವಳು ನಾನು. ಯಾವುದರಲ್ಲಿ ಮಾಡಿದೆ ಎಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಮೊನ್ನೆ ತಾಳವಾಡಿಗೆ ಹೋಗುವ ಬಸ್ಸಿನಲ್ಲಿ ಪುಟ್ಟಮ್ಮ ಪಕ್ಕದಲ್ಲಿ ಬಂದು ಕೂತರು. ಎಲೆಅಡಿಕೆ ಹಾಕಿಕೊಂಡು, "ಅಲ್ಲ ಕಣವ್ವ, ಆ ಪಟ್ಟಿಯ ಯಾತ್ರಲ್ಲಿ ಮಾಡ್ದಿ?" ಎಂದರು. ನನಗೆ ಆದ ಸಂತೋಷ ಹೇಳತೀರದು. ಮೊದಲನೆಯದರ ಗುಣ, ಎರಡನೆಯದರ ದೋಷ, ಮೂರನೆಯದರ ವೇಗ, ಒಂದನ್ನೂ ಬಿಡದೆ ಹೇಳಿದೆ. ಅವರು ಪ್ರತಿ ತಿರುವಿನಲ್ಲೂ ತಲೆಯಾಡಿಸುತ್ತ ಕೇಳಿದರು. ತಾಳವಾಡಿ ಬಂತು. ಇಳಿಯಲು ಚೀಲ ಎತ್ತಿಕೊಳ್ಳುತ್ತ ಪುಟ್ಟಮ್ಮ ಮೆಲ್ಲಗೆ ಹೇಳಿದರು:

"ನಾ ಕೇಳುದ್ದು ಪೋನಲ್ಲೋ, ಕಂಪೂಟ್ರಲ್ಲೋ ಅಂತ ಕಣವ್ವ."

"ಕಂಪ್ಯೂಟ್ರಲ್ಲಿ," ಎಂದೆ.