ಹತ್ತನೇ ಟೇಬಲ್ಲು ಮತ್ತು ನಮ್ಮ ಕಾಗೆಗಳು

ಕೆರೆ ದಂಡೆಯ ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ದಿನಕ್ಕೊಂದು ನಗೆಪ್ರಸಂಗ ತಪ್ಪಿದ್ದಲ್ಲ, ಮನಸ್ಸು ನಗುವ ಸ್ಥಿತಿಯಲ್ಲಿ ಇರಲಿ, ಬಿಡಲಿ. ನಂದಿಯ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮ ಹೋಟೆಲಿನ ಟೇಬಲ್ಲುಗಳೆಲ್ಲ ಹೊಂಗೆ ಮರಗಳ ಕೆಳಗಿವೆ. ಎದುರಿಗೆ ಕೆರೆ, ಅದರಾಚೆ ಬೆಟ್ಟ. ನಾನು ಅಲ್ಲಿ ಕ್ಯಾಪ್ಟನ್. ಹೆಸರು ದೊಡ್ಡದು, ಕೆಲಸ ಎರಡೇ: ಬಂದವರನ್ನು ಕೂರಿಸುವುದು, ಕೂತವರ ತಟ್ಟೆಗೆ ಬಾಯಿ ಹಾಕುವ ಕಾಗೆಗಳನ್ನು ಬಿದಿರು ಕೋಲಿನಿಂದ ಓಡಿಸುವುದು.

ನಮ್ಮಮ್ಮ ತೊಂಡೇಬಾವಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಹೋದಾಗೆಲ್ಲ ಒಂದೇ ಮಾತು: “ಒಂದ್ಸಲ ನನ್ನೂ ಆ ನೀರಿನ ಪಕ್ಕ ಕೂರ್ಸಪ್ಪ, ಊಟ ಮಾಡ್ಕಂಡು ಬರ್ತೀನಿ.”

“ಈ ಭಾನುವಾರ ರಶ್ ಐತಮ್ಮ, ಮುಂದಿನ ವಾರ” ಎನ್ನುತ್ತಿದ್ದೆ. ಹಾಗೆ ಎಷ್ಟು ಮುಂದಿನ ವಾರಗಳು ಹೋದವೋ.

೧. ಫೋಟೋದೊಳಗಿನ ಕೆರೆ

ನೀರಿಗೆ ತೀರ ಹತ್ತಿರ ಇರುವುದು ಹತ್ತನೇ ಟೇಬಲ್ಲು. ಅದಕ್ಕೆ ಬುಕ್ಕಿಂಗ್ ಇಲ್ಲ, ಕಾಯಬೇಕು. ಗೌರಿಬಿದನೂರಿನ ಎಂಟು ಜನರ ಒಂದು ಕುಟುಂಬ ಅದೇ ಬೇಕೆಂದು ಹಟ ಹಿಡಿಯಿತು. “ಐದು ನಿಮಿಷ ಕಾಯ್ರಿ ಸಾರ್” ಎಂದೆ. ನಾನು ಹೇಳುವ ಐದು ನಿಮಿಷ ಅಂದರೆ ಒಂದೂವರೆ ಗಂಟೆ.

ಕೊನೆಗೆ ಟೇಬಲ್ಲು ಸಿಕ್ಕಿತು. ಫೋಟೋದಲ್ಲಿ ಕೆರೆ ಬರಬೇಕಲ್ಲ, ಎಂಟೂ ಜನ ಕೆರೆಗೆ ಬೆನ್ನು ಹಾಕಿ ಕೂತರು. ಫೋಟೋ ಮುಗಿದ ಮೇಲೆ ಯಜಮಾನರು, “ಬಿಸ್ಲು ಕಣ್ರೀ, ಒಳಗೆ ಫ್ಯಾನ್ ಕೆಳಗೆ ಜಾಗ ಐತಾ?” ಎಂದರು. ಒಳಗೇ ಊಟ ಮಾಡಿದರು. ಹೊರಡುವಾಗ ಮೊಬೈಲು ತೋರಿಸಿ ಹೊಗಳಿದರು: “ಕೆರೆ ಬಾಳ ಚೆನ್ನಾಗೈತೆ. ಈಗ ಕಾರಲ್ಲಿ ಕೂತು ಫೋಟೋದಲ್ಲಿ ನೋಡಿದ್ವಿ.”

೨. ಯಜಮಾನರ ಕೊನೇ ಆಸೆ

ಕೆರೆ ಏರಿಯ ಆ ತುದಿಯಲ್ಲಿ ಸುತ್ತಲಿನ ಊರಿನವರು ಹನ್ನೊಂದನೇ ದಿನದ ಎಡೆ ಇಡುತ್ತಾರೆ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಒಂದು ಮಧ್ಯಾಹ್ನ ತಲೆ ಬೋಳಿಸಿಕೊಂಡ ಒಬ್ಬರು ಅಲ್ಲಿಂದ ಓಡಿ ಬಂದು ಕೈ ಮುಗಿದರು.

“ಸಾರ್, ನಿಮ್ ಹೋಟ್ಲು ಕಾಗೆಗಳನ್ನ ಸ್ವಲ್ಪ ಕಳ್ಸಿಕೊಡ್ತೀರಾ? ಅಪ್ಪಂಗೆ ಎಡೆ ಇಟ್ಟು ಎರಡು ಗಂಟೆ ಆಯ್ತು.”

ನಮ್ಮ ಕಾಗೆಗಳು ಎಂಜಲು ತೊಟ್ಟಿಯ ಮೇಲೆ ಗೋಬಿ ಮಂಚೂರಿ ತಿನ್ನುತ್ತಿದ್ದವು. ಮುದ್ದೆ ಸಾರಿಗೆ ಅವು ಯಾಕೆ ಹೋಗುತ್ತವೆ? ಒಂದು ಪ್ಲೇಟು ಗೋಬಿ ಕಟ್ಟಿಸಿ ಕೊಟ್ಟೆ. ಎಡೆಯ ಮೇಲೆ ಇಟ್ಟದ್ದೇ ತಡ, ಹಿಂಡಾಗಿ ಇಳಿದವು. ಹೋದವರ ಹೆಂಡತಿ ಅಳುತ್ತಾ ಹೇಳಿದರು: “ಡಾಕ್ಟ್ರ ಮಾತು ಕೇಳಿ ಕರಿದಿದ್ದು ಮುಟ್ಟಕ್ಕೆ ಬಿಡ್ಲಿಲ್ಲ ಕಣಪ್ಪ. ಅದೇ ಉಳ್ಕಂಡಿತ್ತು ನೋಡು!”

೩. ಕೋಲಿನ ಗುರುತು

ಕಳೆದ ತಿಂಗಳು ಅಮ್ಮ ಹೋದಳು. ಅಮ್ಮ ನೋಡಬೇಕೆಂದಿದ್ದ ಕೆರೆ ಎಂದು ಎಡೆ ಇಲ್ಲೇ ಇಡಿಸಿದೆ. ಬದುಕಿದ್ದಾಗ ಮಾತ್ರ ಕರೆತಂದಿರಲಿಲ್ಲ.

ಮುದ್ದೆ, ಅವರೆಕಾಳು ಸಾರು, ವಡೆ ಇಟ್ಟೆವು. ಜಾಣತನ ಮಾಡಿ ಗೋಬಿಯನ್ನೂ ಇಟ್ಟೆ. ಕಾಗೆಗಳು ಬಂದವು, ನನ್ನನ್ನು ನೋಡಿದವು, ಕಿರುಚಿಕೊಂಡು ಹಾರಿಹೋದವು. ಇಷ್ಟು ವರ್ಷ ಕೋಲು ಹಿಡಿದು ಓಡಿಸಿದವನು ನಾನೇ ತಾನೆ? ತಲೆ ಬೋಳಿಸಿಕೊಂಡಿದ್ದರೂ ಗುರುತು ಹಿಡಿದವು.

ಉಳಿದವರಿಗೆ ಇದು ಹೊಳೆಯಲಿಲ್ಲ. “ಅಮ್ಮಂಗೆ ಏನಾದ್ರೂ ಮಾತು ಕೊಡಣ್ಣ” ಎಂದಳು ತಂಗಿ. “ಗೌರಿ ಹಬ್ಬಕ್ಕೆ ತಪ್ಪದೆ ತಂಗೀನ ಕರೀತೀನಿ ಅನ್ನು.” ನಾನು ಹಾಗೇ ಅಂದೆ. ಕಾಗೆ ಬರಲಿಲ್ಲ. ಹೆಂಡತಿ ಮೆಲ್ಲಗೆ, “ಕುಡಿಯೋದು ಬಿಡ್ತೀನಿ ಅನ್ರಿ” ಎಂದಳು. ಅಮ್ಮ ಅದನ್ನು ಯಾವತ್ತೂ ಕೇಳಿರಲಿಲ್ಲ. ಆದರೂ ಅಂದೆ. ಕಾಗೆ ಬರಲಿಲ್ಲ, ಮಾತು ಮಾತ್ರ ಉಳಿಯಿತು.

ಚಿಂತಾಮಣಿಯ ಸೋದರಮಾವ ತಾಳ್ಮೆಗೆಟ್ಟು, “ಒರೇಯ್, ನುವ್ವು ಪೋರಾ! ನೀನು ಆ ಕಡೆ ಹೋಗು” ಎಂದರು. ಎದ್ದು ಹೋಟೆಲಿನ ಕಡೆ ನಡೆದೆ. ಹತ್ತು ಹೆಜ್ಜೆ ಹಾಕಿಲ್ಲ, ಹಿಂದೆ ರೆಕ್ಕೆ ಸದ್ದು.

“ಮಗನ ಮೇಲೇ ಸಿಟ್ಟಿತ್ತು ಕಣೇ” ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅದು ಕೋಲಿನ ಸಿಟ್ಟು ಎಂದು ಕೂಗಿ ಹೇಳಬೇಕು ಅನಿಸಿತು. ಹಾಗೇ ಮುಂದೆ ನಡೆದೆ.

ಹೋಟೆಲು ಸೇರುವಷ್ಟರಲ್ಲಿ ಒಂದು ಕಾಗೆ ನಮ್ಮ ಎಡೆಯ ವಡೆ ಕಚ್ಚಿಕೊಂಡು ಬಂದು ಹತ್ತನೇ ಟೇಬಲ್ಲಿನ ಕುರ್ಚಿಯ ಮೇಲೆ ಕೂತಿತು, ನೀರಿನ ಕಡೆ ಮುಖ ಮಾಡಿ. ಕಾಯುತ್ತಿದ್ದ ಗಿರಾಕಿಯೊಬ್ಬರು ನನ್ನ ಗುರುತು ಹಿಡಿದು ಕೂಗಿದರು: “ರೀ ಕ್ಯಾಪ್ಟನ್, ಆ ಕಾಗೆ ಓಡಿಸ್ರೀ, ನಾವು ಕೂರ್ಬೇಕು!”

ಕೈ ತಾನಾಗಿ ಮರಕ್ಕೆ ಒರಗಿಸಿದ್ದ ಕೋಲಿನ ಕಡೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

“ಅದು ಬುಕ್ ಆಗಿದೆ ಸಾರ್.”

“ಬುಕ್ಕಿಂಗೇ ಇಲ್ಲ ಅಂದ್ರಲ್ರೀ!”

“ನಮ್ಮನೆಯವ್ರು ಸಾರ್, ಊಟ ಮಾಡ್ತಾ ಅವ್ರೆ” ಎಂದೆ. “ಐದು ನಿಮಿಷ ಕಾಯ್ರಿ.”