ಅಪ್ಪನ ಮಸಾಲೆ ಮರಿಗಳು

ಶಹಾಪುರದ ನಮ್ಮ ಮನೆಯಲ್ಲಿ ನಗುವುದಕ್ಕೆ ಹಬ್ಬ ಹುಣ್ಣಿಮೆ ಬೇಕಿರಲಿಲ್ಲ. ಅಪ್ಪ ಕುರಿಮರಿಗಳಿಗೆ ಮೇವು ಹಾಕಲು ಎದ್ದನೆಂದರೆ ಏನೋ ಒಂದು ನಡೆದೇ ತೀರುತ್ತಿತ್ತು. ನಿಜಾಮನ ಆಡಳಿತ ಹೋಗಿ ಹೊಸ ಸರ್ಕಾರ ಬಂದ ಹೊಸತು. ನಾನಾಗ ಮದುವೆಗೆ ಬಂದ ಹುಡುಗಿ. ಈಗ ಅಪ್ಪ ಇಲ್ಲ, ಅವ್ವ ಇಲ್ಲ. ಆ ದಿನಗಳನ್ನು ನೆನೆದರೆ ನಗು ಬರುತ್ತದೆ, ಜೊತೆಗೆ ಕಣ್ಣೂ ತುಂಬುತ್ತದೆ.

ಅಜವಾನದ ಡಬ್ಬಿ

ಮರಿ ಏನು ತಿನ್ನುತ್ತದೋ ಅದರ ರುಚಿಯೇ ಮಾಂಸಕ್ಕೆ ಇಳಿಯುತ್ತದೆ ಎಂಬುದು ಅಪ್ಪನ ಹಟ. ತೊಗರಿ ಹೊಟ್ಟು, ಜಾಲಿಕಾಯಿ, ಹುರಿದು ಕುಟ್ಟಿದ ಹುಣಸೆಬೀಜ ಸಾಲದೆಂದು ಒಂದು ದಿನ ಅಡುಗೆಮನೆಗೇ ನುಗ್ಗಿ ಅಜವಾನ, ಮೆಂತ್ಯ ಎಲ್ಲ ಬಳಿದುಕೊಂಡು ಹೋದ. ಅವ್ವ ಹಿಂದೆಯೇ ಓಡಿದಳು.

"ಏನ್ರಿ, ಮರಿಗಿ ಒಗ್ಗರಣಿ ಹಾಕಾಕತ್ತೀರೇನು?"

"ಈಗ ಹೊಟ್ಟ್ಯಾಗ ಹಾಕಿದ್ರ, ಆಮ್ಯಾಲೆ ಗಡಗ್ಯಾಗ ಹಾಕೋದು ಉಳೀತದ," ಎಂದ ಅಪ್ಪ.

ಅವ್ವ ಖಾಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಆ ಮರಿ ಕೊಯ್ದ ದಿನ ಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ, ಉಪ್ಪೂ ಹಾಕದೆ ತಾಟಿಗೆ ಬಡಿಸಿದಳು. ಅಪ್ಪ ಒಂದು ತುತ್ತು ತಿಂದು ಅವಳ ಮುಖ ನೋಡಿದ.

"ಮಸಾಲಿ ಒಳಗೇ ಅದಲ್ರಿ," ಎಂದಳು ಅವ್ವ, "ಹುಡಿಕ್ಕೊಂಡು ಉಣ್ರಿ."

ಸಾಹೇಬರ ಸೊಪ್ಪು

ಯಾದಗಿರಿಯಿಂದ ಹೊಸ ದನದ ಡಾಕ್ಟರು ಬಂದರು. ಮೊದಲಿದ್ದವರದು ಉರ್ದು, ಇವರದು ಪುಸ್ತಕದ ಕನ್ನಡ. ಅಪ್ಪನಿಗೆ ಉರ್ದುವೇ ಸಲೀಸಾಗಿತ್ತು.

"ನುಗ್ಗೆಸೊಪ್ಪು ಒಣಗಿಸಿ ಹಾಕಿ, ಮಾಂಸ ಮೃದುವಾಗುತ್ತದೆ," ಎಂದರು ಡಾಕ್ಟರು.

"ತಿಂದು ನೋಡೀರೇನ್ರಿ ಸಾಹೇಬ್ರ?"

"ಇಲ್ಲಪ್ಪ, ನಾವು ಮಾಂಸ ಮುಟ್ಟುವುದಿಲ್ಲ."

ಅಪ್ಪ ಮರಿಯನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದ. "ನೀವೂ ಸೊಪ್ಪು ತಿನ್ನಾವ್ರು, ಅದೂ ಸೊಪ್ಪು ತಿನ್ನೋದು. ಸೊಪ್ಪು ಚಲೋ ಅಂತ ಇಬ್ರೂ ಹೇಳಾವ್ರ. ಮಾಂಸದ ಸಾಕ್ಷಿ ಯಾರು ಹೇಳ್ಬೇಕ್ರಿ?"

ಸೊಂಟ

ಮರಿ ತಯಾರಾಯಿತೋ ಇಲ್ಲವೋ ತಿಳಿಯಲು ಅಪ್ಪ ಅದರ ಸೊಂಟ ಹಿಡಿದು ಒತ್ತುತ್ತಿದ್ದ. ಎಲುಬು ಕೈಗೆ ಹತ್ತಿದರೆ ಇನ್ನೂ ಮೇಯಿಸಬೇಕು ಎಂದು ಅರ್ಥ.

ಆ ವರ್ಷ ಸುರಪುರದಿಂದ ನನ್ನನ್ನು ನೋಡಲು ಬಂದರು. ಅವರದೂ ಕುರಿ ಸಾಕುವ ಮನೆತನ, ಹುಡುಗ ಮಾತ್ರ ಸಾಲಿ ಮಾಸ್ತರ. ಬಡಕಲು ಮೈ, ನಗುವ ಕಣ್ಣು. ಬಾಗಿಲ ಸಂದಿಯಿಂದ ನೋಡಿದೆ, ಅಲ್ಲೇ ಮನಸ್ಸಾಯಿತು. ಇವನೇ ಆಗಲಿ ಎಂದು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ.

ಹುಡುಗ ಅಪ್ಪನ ಕಾಲು ಮುಟ್ಟಲು ಬಗ್ಗಿದ. ಎದುರಿಗೆ ಬಗ್ಗಿದ ಬೆನ್ನು ಕಂಡದ್ದೇ ತಡ, ಅಪ್ಪನ ಕೈ ತಾನಾಗಿಯೇ ಅವನ ಸೊಂಟ ಹಿಡಿದು ಒತ್ತಿತು.

"ಎಲುಬು ಕೈಗಿ ಹತ್ತಾಕತ್ತಾವಲ್ರಿ! ಇನ್ನೊಂದೆರಡು ತಿಂಗಳ ಹೊಟ್ಟು ಹಾಕಿ ಮೇಸ್ರಿ."

ಪಡಸಾಲೆಯಲ್ಲಿ ಹುಡುಗ ಬಗ್ಗಿದವನು ಬಗ್ಗಿಯೇ ಇದ್ದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಂಬಂಧ ಮುರಿದೇ ಹೋಯಿತೆಂದು ನಾನು ಒಲೆಯ ಮುಂದೆ ಕೂತು ಅಳತೊಡಗಿದೆ.

ಹುಡುಗನ ತಾಯಿ ನೆಟ್ಟಗೆ ಒಳಗೆ ಬಂದರು. ನನ್ನ ಕೈಹಿಡಿದು ಎಬ್ಬಿಸಿದರು, ರಟ್ಟೆ ಒತ್ತಿ ನೋಡಿದರು, ಆಮೇಲೆ ಪಡಸಾಲೆಗೆ ಕೇಳುವಂತೆ ಕೂಗಿ ಹೇಳಿದರು:

"ಬೀಗರ, ನಿಮ್ಮದು ತಯಾರ ಅದ! ಎರಡನ್ನೂ ಒಂದೇ ದೊಡ್ಡ್ಯಾಗ ಬಿಡೋಣು, ನಮ್ಮದೂ ತಾನ ಮೈ ತುಂಬತದ!"