ನನ್ನದೋ, ಮಾತ್ರೆಯದೋ

ಅಳುವುದಕ್ಕೆ ಕಾರಣವಿಲ್ಲದ ಮನುಷ್ಯನಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ. ಕಾಲು ಮುರಿದುಕೊಂಡವನನ್ನು ನೋಡಲು ಜನ ಮೂಸಂಬಿ ಹಿಡಿದುಕೊಂಡು ಬರುತ್ತಾರೆ. ತೀರಿಕೊಂಡವರ ಮನೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂರುತ್ತಾರೆ. ಆದರೆ ಕೈಯಲ್ಲಿ ಕೆಲಸವಿದ್ದು, ಮೈಯಲ್ಲಿ ಜ್ವರವಿಲ್ಲದೆ, ಹೆಂಡತಿಯ ಜತೆ ಜಗಳವನ್ನೂ ಆಡದೆ, ಬೆಳಿಗ್ಗೆ ಏಳೂವರೆಗೆ ಷೂ ಲೇಸು ಕಟ್ಟಿಕೊಳ್ಳುತ್ತಾ ಗಳಗಳ ಅಳುವವನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ. ಹಾಗೆ ಅಳುತ್ತಿದ್ದವನು ನಾನೇ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ನಾವು ನಂಜನಗೂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನಗೆ ತಾಂಡ್ಯದ ಒಂದು ಸೋಪಿನ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಕೆಲಸ. ಪುಡಿಯಲ್ಲಿ ಕ್ಷಾರ ಎಷ್ಟಿದೆ, ತೇವ ಎಷ್ಟಿದೆ ಎಂದು ದಿನವಿಡೀ ಅಳೆದು ಸಹಿ ಹಾಕುವುದು. ನನ್ನ ಸಹಿಯಿಲ್ಲದೆ ಒಂದು ಮೂಟೆಯೂ ಗೇಟು ದಾಟುತ್ತಿರಲಿಲ್ಲ. ಇಂಥ ಅಧಿಕಾರಸ್ಥನಾದ ನಾನು ಒಂದು ಷೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದುದನ್ನು ಮೊದಲು ಕಂಡವಳು ನನ್ನ ಹೆಂಡತಿ ರತ್ನ.

"ಯಾಕ್ರೀ? ಏನಾಯ್ತು?" ಅಂದಳು.

"ಏನೂ ಇಲ್ಲ."

"ಏನೂ ಇಲ್ದೆ ಯಾರಾದ್ರೂ ಅಳ್ತಾರಾ? ಫ್ಯಾಕ್ಟ್ರೀಲಿ ಯಾರಾದ್ರೂ ಏನಾದ್ರೂ ಅಂದ್ರಾ? ನಾನೇನಾದ್ರೂ ಅಂದ್ನಾ?"

ಇಲ್ಲ ಅಂದೆ. ಅವಳು ಕಳೆದ ಒಂದು ತಿಂಗಳಲ್ಲಿ ತಾನು ಆಡಿದ ಮಾತನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ, ಅಳಿಸುವಂಥದ್ದು ಏನೂ ಸಿಗದೆ, ಉಪ್ಪಿಟ್ಟು ತಂದಿಟ್ಟಳು. ಉಪ್ಪಿಟ್ಟು ನೋಡಿ ನನಗೆ ಇನ್ನಷ್ಟು ಅಳು ಬಂತು. ಉಪ್ಪಿಟ್ಟಿನಲ್ಲಿ ದೋಷವಿರಲಿಲ್ಲ.

ಇದು ವಾರಗಟ್ಟಲೆ ನಡೆಯಿತು. ಕಾರ್ಖಾನೆಯಲ್ಲಿ ಮ್ಯಾನೇಜರು ನನ್ನ ಕೆಂಪು ಕಣ್ಣು ನೋಡಿ ಕಾರಣ ಕೇಳಿದಾಗ, ನಿಜ ಹೇಳಲು ನಾಚಿಕೆಯಾಗಿ, "ಮದ್ರಾಸ್ ಐ ಸಾರ್" ಅಂದುಬಿಟ್ಟೆ. ಅವರು ಥಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಮಧ್ಯಾಹ್ನದೊಳಗೆ ಲ್ಯಾಬಿನವರೆಲ್ಲ ನನ್ನಿಂದ ದೂರ ಕೂತರು. ಯಾರೋ ಪುಣ್ಯಾತ್ಮರು ಕಪ್ಪು ಕನ್ನಡಕ ತಂದುಕೊಟ್ಟರು. ಅದರ ಹಿಂದೆ ಅಳುವುದು ಬಹಳ ಅನುಕೂಲವಾಗಿತ್ತು. ಜನರಿಗೆ ಬೇಕಾಗಿದ್ದುದು ಕಾರಣವೊಂದೇ, ಅದು ಸುಳ್ಳಾದರೂ ನಡೆಯುತ್ತದೆ ಎಂದು ಗೊತ್ತಾಯಿತು. ಮನೆಯ ಓನರಮ್ಮನ ಹತ್ತಿರ ಮಾತ್ರ ಮದ್ರಾಸ್ ಐ ನಡೆಯಲಿಲ್ಲ. "ನಂಜುಂಡಪ್ಪನ ಊರಲ್ಲೇ ಇದ್ಕಂಡು ಯಾಕಪ್ಪಾ ಒದ್ದಾಡೀಯೆ? ಮೂರು ಸೋಮ್ವಾರ ಉರುಳುಸೇವೆ ಮಾಡು" ಅಂದರು. "ನಮ್ದು ಬುದ್ಧನ್ನ ನಂಬೋ ಮನೆ ಅಮ್ಮ" ಅಂದೆ. "ಉರುಳಾಕೆ ಯಾರ್ನ ನಂಬುದ್ರೇನು?" ಅಂದರು. ಆದರೆ ಉರುಳುವುದಕ್ಕೂ ಮೊದಲು ಎದ್ದು ಸ್ನಾನ ಮಾಡಬೇಕು, ನನಗೆ ಅದೇ ಆಗುತ್ತಿರಲಿಲ್ಲ.

ಕಡೆಗೆ ರತ್ನನೇ ನನ್ನನ್ನು ಮೈಸೂರಿನ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ನಿದ್ದೆ, ಊಟ, ಎಷ್ಟು ದಿನದಿಂದ ಹೀಗೆ ಎಂದೆಲ್ಲ ಸಮಾಧಾನವಾಗಿ ಕೇಳಿ, ಮಾತ್ರೆ ಬರೆದುಕೊಟ್ಟ ಚೀಟಿಯ ಹಿಂಬದಿಯಲ್ಲಿ ಎರಡು ನರಗಳ ತುದಿ ಬರೆದರು. ನಡುವೆ ಚುಕ್ಕಿ ಚುಕ್ಕಿ ಇಟ್ಟರು. "ಇವು ಮೆದುಳಿನ ರಾಸಾಯನಿಕಗಳು. ಸೆರೊಟೋನಿನ್ ಅಂತ ಒಂದಿದೆ. ಅದೊಂದೇ ಕಾರಣ ಅಂತ ಅಲ್ಲ, ಮನಸ್ಸು ಇಷ್ಟು ಸುಲಭದ್ದಲ್ಲ. ನಿಮಗೆ ಅರ್ಥ ಆಗ್ಲಿ ಅಂತ ಹೇಳ್ತಿದೀನಿ" ಅಂದರು. ನಾನು ಕೇಳಿಸಿಕೊಂಡದ್ದು ಮೊದಲ ಅರ್ಧ ಮಾತ್ರ. ಸಿಕ್ಕಿತಲ್ಲ ಕಾರಣ! ಅದೂ ನನ್ನದೇ ಕಸುಬಿನದು! ವಾಪಸು ಬರುವ ಬಸ್ಸಿನಲ್ಲಿ ರತ್ನನಿಗೆ ಸಿಂಧುವಳ್ಳಿ ದಾಟುವವರೆಗೂ ನರಮಂಡಲದ ಪಾಠ ಮಾಡಿದೆ. ಅವಳು ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನ್ನ ಪಾಠಕ್ಕೆ ಚೆನ್ನಾಗಿ ನಿದ್ದೆ ಬಂತು.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲವೂ ರಾಸಾಯನಿಕವಾಯಿತು. ಒಂದು ಮಧ್ಯಾಹ್ನ ಮಸ್ಸೊಪ್ಪಿಗೆ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ತಳ್ಳಿ ಕೂಗಾಡಿದೆ. ಕೂಗಾಡಿ ಮುಗಿದ ಮೇಲೆ, "ನಾನು ಬೈದದ್ದಲ್ಲ ರತ್ನ, ಅದು ಕೆಮಿಕಲ್ಲು" ಅಂದೆ. ಅವಳು ಸೌಟು ಹಿಡಿದು ನಿಂತೇ ಇದ್ದಳು.

"ಹಂಗಾದ್ರೆ ನಾನು ಮದ್ವೆ ಆಗಿರೋದು ಯಾರ್ನ? ನಿಮ್ಮನ್ನೋ, ಅದನ್ನೋ?"

ತಮಾಷೆಗೆ ಅಂದದ್ದಲ್ಲ. ತಟ್ಟೆಯನ್ನು ನಾನೇ ಹತ್ತಿರಕ್ಕೆ ಎಳೆದುಕೊಂಡು ಉಂಡೆ. ಆದರೆ ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಸೇರಿಕೊಂಡಿತು.

ಮೂರ್ನಾಲ್ಕು ವಾರಕ್ಕೆ ಮಾತ್ರೆ ತನ್ನ ಕೆಲಸ ತೋರಿಸಿತು. ಷೂ ಎರಡೂ ಒಂದೇ ಸಲಕ್ಕೆ ಕಾಲಿಗೆ ಏರತೊಡಗಿದವು. ಒಂದು ದಿನ ಪ್ಯಾಕಿಂಗಿನ ಒಬ್ಬರು ಸೋಪಿನ ಪುಡಿ ಮೂಗಿಗೆ ಹೋಗಿ ಸಾಲಾಗಿ ಏಳು ಸಲ ಸೀನಿ, ಎಂಟನೆಯದಕ್ಕೆ ಮ್ಯಾನೇಜರ ಕೈಯ ಕಾಗದವನ್ನೆಲ್ಲ ಹಾರಿಸಿಬಿಟ್ಟರು. ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಒಂದು ಯೋಚನೆ ಬಂತು: ಈಗ ನಗುತ್ತಿರುವುದು ನಾನೋ, ಮಾತ್ರೆಯೋ? ನಗು ಅಲ್ಲೇ ನಿಂತಿತು. ಅಳು ನನ್ನದಲ್ಲ, ರಾಸಾಯನಿಕದ್ದು. ನಗು ನನ್ನದಲ್ಲ, ಮಾತ್ರೆಯದು. ಕೋಪ ನನ್ನದಲ್ಲವೆಂದು ನಾನೇ ಹೇಳಿಯಾಗಿದೆ. ಹಾಗಾದರೆ ನನ್ನದು ಅಂತ ಉಳಿದದ್ದೇನು? ಲ್ಯಾಬಿನ ಕಪಾಟಿನಲ್ಲಿ ಚೀಟಿ ಅಂಟಿಸಿದ ಖಾಲಿ ಬಾಟಲಿಗಳಿದ್ದವು. ನಾನೂ ಅಂಥದೇ ಒಂದು ಅನ್ನಿಸಿತು. ವಾಸಿಯಾಗುತ್ತಿದ್ದವನಿಗೆ ಹೊಸ ದುಃಖ ಹಿಡಿಯಿತು. ಈ ಸಲ ಕಾರಣವಿತ್ತು, ಆದರೆ ಯಾರಿಗೂ ಹೇಳುವಂಥದ್ದಲ್ಲ.

ಒಂದು ಭಾನುವಾರ ನಮ್ಮೂರು ಹೆಮ್ಮಿಗೆಗೆ ಹೋದೆ. ಅಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನಣ್ಣ ಪುಟ್ಟಸ್ವಾಮಿ, ನಮ್ಮ ಬೀದಿಯಲ್ಲೇ ಮೊದಲು ಧ್ಯಾನದ ಶಿಬಿರಕ್ಕೆ ಹೋಗಿಬಂದವನು. ಅಲ್ಲಿ ಅವನು ಹತ್ತು ದಿನ ಬಾಯಿಬಿಡದೆ ಇದ್ದನೆಂದು ಕೇಳಿ ಊರಿಗೆ ಊರೇ ಬೆರಗಾಗಿತ್ತು. ಅತ್ತಿಗೆಗೆ ಮಾತ್ರ, ಮನೆಗೆ ಬಂದ ಮೇಲೂ ಅದನ್ನು ಮುಂದುವರಿಸಲಿಲ್ಲವಲ್ಲ ಎಂಬ ಕೊರಗು. ಅಣ್ಣ ನನ್ನನ್ನು ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರಿಸಿದ.

"ಉಸ್ರು ಒಳೀಕ್ ಓಯ್ತದೆ, ಆಚ್ಗೆ ಬತ್ತದೆ. ಅದ್ನ ನೋಡ್ತಾ ಕುಂತ್ಕ. ಮನ್ಸಿಗೆ ಏನಾರ ಬಂದ್ರೆ ಓಡುಸ್ಬ್ಯಾಡ, ಇಡ್ಕಬ್ಯಾಡ. ಬಂತು, ಓಯ್ತು ಅಂತ ನೋಡು, ಅಷ್ಟೇಯ."

"ಬಂದದ್ದು ಹೋಗದೇ ಇದ್ರೆ?"

"ಓಗ್ದೆ ಎಲ್ಲಿದ್ದದ್ಲಾ? ನೆಂಟ್ರೇ ಓಯ್ತರೆ."

ಕಣ್ಣು ಮುಚ್ಚಿ ಕೂತೆ. ಕಾಲು ಜೋಮು ಹಿಡಿಯಿತು. ಅತ್ತಿಗೆ ಕೋಳಿ ಕುಯ್ದಿದ್ದಾಳೋ ಇಲ್ಲವೋ ಎಂಬ ಯೋಚನೆ ಬಂತು, ಅದು ಹೋಗಲೇ ಇಲ್ಲ. ಕಣ್ಣು ಬಿಟ್ಟು, "ಅಣ್ಣ, ಇದನ್ನೆಲ್ಲ ನೋಡ್ತಿರೋನು ಯಾರು? ನಾನೋ, ಕೆಮಿಕಲ್ಲೋ?" ಅಂದೆ. ಅವನು, "ಅಷ್ಟು ದೂರ ನಾನಿನ್ನೂ ಓಗಿಲ್ಲ ಕಣ್ಲಾ" ಅಂದ. ಹೊರಡುವಾಗ ಬಸ್ಸಿನ ಕಿಟಕಿಯವರೆಗೂ ಬಂದು, "ಮಾತ್ರೆ ಬುಡ್ಬ್ಯಾಡ ಕಣ್ಲಾ. ಅದು ಡಾಕ್ಟ್ರು ನೋಡ್ಕಳೋದು. ಇದು ಬ್ಯಾರೆ" ಅಂತಲೂ ಹೇಳಿದ.

ನಾನು ಮಾತ್ರೆ ಬಿಟ್ಟೆ. ಅದಕ್ಕೆ ನನ್ನ ವಿದ್ಯೆಯೇ ಕಾರಣ. ಲ್ಯಾಬಿನಲ್ಲಿ ಸ್ಯಾಂಪಲ್ ಹಾಕದೆ ಬರೀ ನೀರನ್ನೇ ಒಮ್ಮೆ ಪರೀಕ್ಷೆ ಮಾಡುತ್ತೇವೆ. ಅದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ನೀರಿನದ್ದೆಷ್ಟು, ಪುಡಿಯದ್ದೆಷ್ಟು ಎಂದು ಆಗ ತಿಳಿಯುತ್ತದೆ. ಹಾಗೆಯೇ ಮಾತ್ರೆಯಿಲ್ಲದೆ ನಾನೆಷ್ಟು ಎಂದು ನೋಡಿಬಿಡೋಣವೆಂದು, ರತ್ನನಿಗೆ ಹೇಳದೆ, ಮಾತ್ರೆಗಳನ್ನು ಲ್ಯಾಬಿನ ಡ್ರಾಯರಿಗೆ ಸೇರಿಸಿದೆ. ಮೊದಲ ವಾರ ತಲೆ ಸುತ್ತಿತು. ಅದನ್ನೂ ವಿಜಯೋತ್ಸವವೆಂದೇ ತಿಳಿದೆ.

ಇಪ್ಪತ್ತನೆಯ ದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ. ತಾಂಡ್ಯದ ಬಸ್ಸು ಬಂತು. ಏಳಬೇಕು ಅಂದುಕೊಂಡೆ. ಏಳಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು. ಎದ್ದು ನಿಲ್ಲುವುದು, ಹೆಜ್ಜೆ ಇಡುವುದು, ಕಂಬಿ ಹಿಡಿಯುವುದು, ಒಳಗೆ ಹೋಗುವುದು, ಬಸ್ಸು ಹತ್ತುವುದೆಂದರೆ ಎಷ್ಟೊಂದು ಕೆಲಸ ಎಂದು ಅವತ್ತೇ ನನಗೆ ತಿಳಿದದ್ದು. ಒಂದೊಂದೂ ಬೆಟ್ಟದಷ್ಟು ದೊಡ್ಡದಾಗಿತ್ತು. ಅಳು ಕೂಡ ಬರಲಿಲ್ಲ. ಬಂದಿದ್ದರೆ ಅದರ ಜತೆಯಾದರೂ ಇರುತ್ತಿತ್ತು. ಕಂಡಕ್ಟರು "ತಾಂಡ್ಯ, ತಾಂಡ್ಯ" ಎಂದು ಕೂಗಿದಾಗಲೆಲ್ಲ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಕಾರ್ಖಾನೆಯಿಂದ ಓನರಮ್ಮನ ಫೋನಿಗೆ ವಿಚಾರಿಸಿದ ಮೇಲೆ, ನಾನು ಕೆಲಸಕ್ಕೆ ಹೋಗಿಲ್ಲವೆಂಬ ವಿಷಯ ರತ್ನನಿಗೆ ಮುಟ್ಟಿತು. ಅವಳು ಬಂದಾಗ ಎರಡು ಗಂಟೆ ದಾಟಿತ್ತು. ಮುಚ್ಚಿದಂತೆಯೇ ಇದ್ದ ಡಬ್ಬಿ ನೋಡಿದಳು. ಪಕ್ಕದಲ್ಲಿ ಕೂತಳು. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಮಾತ್ರೆ ಬಿಟ್ರಾ?"

"ಹೂಂ. ನಾನು ಯಾರು ಅಂತ ತಿಳ್ಕೊಳ್ಳೋಣ ಅಂತ."

"ನಂಗೂ ಗೊತ್ತಿಲ್ಲ ಕಣ್ರೀ, ನೀವು ಯಾರು ಅಂತ. ಹನ್ನೆರಡು ವರ್ಷದಿಂದ ಅಂದಾಜಿನ ಮೇಲೇ ನಡೀತಾ ಅದೆ. ಸಾಯಂಕಾಲ ಮನೇಗೆ ಬರೋರು ಯಾರಾದ್ರೇನು, ಬಂದ್ರೆ ಸಾಕು ನಂಗೆ." ಒದ್ದೆ ಸೀರೆಯ ಅಂಚು ಹಿಂಡುತ್ತಾ ಅಂದಳು, "ಮೊದ್ಲು ಹೊಳೆ ತಾವ್ಕೇ ಹೋಗಿದ್ದೆ. ನೀರಿಗಿಳಿದು ನೋಡ್ಕಂಡು ಬಂದೆ."

ಅಷ್ಟು ಹೇಳಿ, ತುಂಬಿದ ಬಸ್‌ಸ್ಟ್ಯಾಂಡಿನ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಜನ ನಿಂತು ನೋಡಿದರು.

ಮಾರನೆಯ ದಿನವೇ ಮೈಸೂರಿಗೆ ಹೋದೆವು. ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡು, "ನಿಮಗೆ ಪ್ರಯೋಗ ಮಾಡಿ ಅಂತ ಯಾರ್ರೀ ಹೇಳಿದ್ದು?" ಅಂದರು. ಮಾತ್ರೆ ಮತ್ತೆ ಶುರುವಾಯಿತು, ಈಗಲೂ ಇದೆ. ಕೆಟ್ಟ ದಿನಗಳೂ ಇವೆ. ಅಂಥ ದಿನ ರತ್ನ ನನ್ನ ಜತೆ ಬಸ್ಸಿನ ಮೆಟ್ಟಿಲವರೆಗೂ ಬಂದು, ಹತ್ತಿಸಿಯೇ ಹೋಗುತ್ತಾಳೆ.

ಆಮೇಲೆ ಒಮ್ಮೆ ಅಣ್ಣ ಕೇಳಿದ, "ಅವತ್ತು ಬಸ್‌ಸ್ಟ್ಯಾಂಡಲ್ಲಿ ಅಷ್ಟೊತ್ತು ಕುಂತಿದ್ದೆಯಲ್ಲ, ಮನ್ಸಲ್ಲಿ ಏನಾರ ಕಾಣ್ತಾ?"

ಏನೂ ಕಾಣಲಿಲ್ಲ ಅಂದೆ. ಅದು ಸುಳ್ಳು. ರತ್ನ ಅಳುತ್ತಿದ್ದಾಗ, ಅವನು ಹೇಳಿಕೊಟ್ಟ ಹಾಗೆಯೇ, ಒಳಗೆ ಏನು ಬರುತ್ತದೆ ಎಂದು ನೋಡುತ್ತಾ ಕೂತಿದ್ದೆ. ಪ್ರೀತಿ ಬರಲಿಲ್ಲ, ಪಶ್ಚಾತ್ತಾಪ ಬರಲಿಲ್ಲ. ಸದ್ಯ, ಇವತ್ತು ಜನ ನೋಡುತ್ತಿರುವುದು ಅವಳನ್ನು, ನನ್ನನ್ನಲ್ಲ ಎಂಬ ಒಂದು ಸಣ್ಣ ಸಮಾಧಾನ ಬಂತು. ಬಂದದ್ದು ಹೋಗಲಿಲ್ಲ, ಅಲ್ಲೇ ಕೂತಿತು. ನನ್ನ ರಕ್ತದಲ್ಲಿ ಆಗ ಮಾತ್ರೆಯ ಲವಲೇಶವೂ ಇರಲಿಲ್ಲ, ಆದ್ದರಿಂದ ತಪ್ಪನ್ನು ಅದರ ಮೇಲೆ ಹೊರಿಸುವಂತಿಲ್ಲ. ಅಷ್ಟು ಕಷ್ಟಪಟ್ಟು ಹುಡುಕಿದ್ದಕ್ಕೆ, ಇದು ನನ್ನದೇ ಎಂದು ಸಹಿ ಹಾಕಿಕೊಡಬಹುದಾದದ್ದು ಅದೊಂದು ಸಿಕ್ಕಿತು.